ಕೇಳದೆ ಹಾಕಿದ ನೀರು

"ನಿನ್ನ ಕೈಯಿಂದ ಎಷ್ಟು ಮಕ್ಕಳಿಗೆ ಹಾಕಿಲ್ಲ? ಹೆತ್ತಪ್ಪನಿಗೆ ಹಾಕೋಕೆ ಮಾತ್ರ ಆಗಲ್ವಾ?" ಎನ್ನುತ್ತ ತಾಯಿ ನೀರಿನ ಲೋಟವನ್ನು ಅಡುಗೆಮನೆಯ ಕಟ್ಟೆಯ ಮೇಲೆ, ಮಗಳ ಮುಂದೆಯೇ ಇಟ್ಟರು.

ಮಗಳು ಹೆರಿಗೆ ವಾರ್ಡಿನ ನರ್ಸ್. ಉಳಿಯುವ ಭರವಸೆಯಿಲ್ಲದ ಕೂಸು ಹುಟ್ಟಿ, ಪಾದ್ರಿ ಬರುವಷ್ಟೂ ಸಮಯವಿಲ್ಲದಿದ್ದರೆ ಯಾರು ಬೇಕಾದರೂ ಅದರ ತಲೆಗೆ ನೀರು ಹಾಕಿ, ಕ್ರೈಸ್ತ ಸಭೆಗೆ ಸೇರಿಸುವ ಜ್ಞಾನಸ್ನಾನ ಕೊಡಬಹುದು ಎನ್ನುವುದು ಅವರ ಪದ್ಧತಿ. ಅವಳು ಎಷ್ಟೋ ಸಲ ಕೊಟ್ಟಿದ್ದಾಳೆ. ಸಿರಿಂಜಿನಿಂದ ನಾಲ್ಕು ಹನಿ, ಪಿತ, ಸುತ, ಪವಿತ್ರಾತ್ಮರ ಹೆಸರು, ಅಷ್ಟೇ. ಆಮೇಲೆ ಹೋಗಿ ಮುಂದಿನ ಹೆರಿಗೆಗೆ ಕೈ ತೊಳೆದುಕೊಳ್ಳುವಳು.

"ಆ ಮಕ್ಕಳ ಅಪ್ಪ ಅಮ್ಮ ಕೇಳ್ಕೊಂಡಿದ್ರು ಕಣಮ್ಮ. ದೊಡ್ಡೋರಾದ್ರೆ ಅವರೇ ಬೇಕು ಅನ್ನಬೇಕು. ಬೆಳಿಗ್ಗೆ ಫಾದರ್ ಹೇಳಿದ್ದೂ ಅದೇ ತಾನೇ?"

"ಅವರಿಗೇನು, ಹೇಳಿ ಹೋಗ್ತಾರೆ."

ಪಕ್ಕದ ಕೋಣೆಯಲ್ಲಿ ಮಲಗಿದ್ದ ತಂದೆಯ ಹೃದಯ ಇನ್ನು ತನ್ನ ಕೈಲಾಗದು ಎಂದು ಕೂತಿತ್ತು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿದ್ದರು. ಜೀವನವಿಡೀ ಪ್ಲಂಬರ್ ಕೆಲಸ ಮಾಡಿದವರು. ದೇವರ ಗೊಡವೆಗೆ ಹೋದವರೇ ಅಲ್ಲ. ಭಾನುವಾರ ಹೆಂಡತಿಯನ್ನು ಸ್ಕೂಟರಿನಲ್ಲಿ ಚರ್ಚಿಗೆ ಕರೆದೊಯ್ದು, ಪೂಜೆ ಮುಗಿಯುವ ತನಕ ಹೊರಗೆ ಪೇಪರ್ ಓದುತ್ತ ಕೂರುತ್ತಿದ್ದರು. ಚರ್ಚಿನ ಟ್ಯಾಂಕು ಸೋರಿದಾಗ ಕಾಸು ಮುಟ್ಟದೆ ರಿಪೇರಿ ಮಾಡಿಕೊಟ್ಟಿದ್ದೂ ಅವರೇ. ಪೂಜೆಯ ಗಂಟೆ ಹೊಡೆದದ್ದೇ, "ನನ್ನ ಕೆಲಸ ಮುಗೀತು, ಇನ್ನು ನಿಮ್ಮದು" ಎಂದು ಸ್ಪ್ಯಾನರ್ ಎತ್ತಿಕೊಂಡು ಆಚೆ ನಡೆದಿದ್ದರು.

ತಾಯಿ ಹಳೆಯ ಪಾದ್ರಿಯ ಕಾಲದವರು. ಜ್ಞಾನಸ್ನಾನ ಆಗದವರು ಎಂಥ ಒಳ್ಳೆಯವರಾದರೂ ಪರಲೋಕದ ಬಾಗಿಲಿನಿಂದ ಆಚೆಗೇ ಎಂದು ಆತ ಮೇಜು ಗುದ್ದಿ ಹೇಳುತ್ತಿದ್ದ. ಈಗಿನ ಪಾದ್ರಿ ಹುಡುಗುಮುಖದವರು. ದೇವರ ದಯೆಗೆ ಕಾಂಪೌಂಡು ಎಲ್ಲಿದೆ ಎನ್ನುತ್ತಾರೆ. ಒಬ್ಬ ಬಾಗಿಲು ಜಡಿದು ಹೋದ, ಇನ್ನೊಬ್ಬರು ಗೋಡೆಯನ್ನೇ ಕೆಡವಿದರು. ನಡುವೆ ತಾಯಿಗೆ ನಿಲ್ಲಲು ಜಾಗವೇ ಇರಲಿಲ್ಲ.

ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ನಾನು ಒಂದ್ಸಲ ಹಾಕಿದೀನಿ," ಎಂದರು, ಬಹಳ ಸಣ್ಣ ದನಿಯಲ್ಲಿ.

"ಏನನ್ನ?"

"ನೀರು. ಹೋದ ವರ್ಷ ನಿಮ್ಮಪ್ಪ ಆಪರೇಷನ್ ಆಗಿ ಬಂದಿದ್ರಲ್ಲ, ಒಂದು ಮಧ್ಯಾಹ್ನ ಗೊರಕೆ ಹೊಡೀತಿದ್ರು. ಮೂರು ಹೆಸರೂ ಹೇಳಿ ಹಣೆಗೆ ಹಾಕಿಬಿಟ್ಟೆ."

ಮಗಳಿಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. "ಮತ್ತೆ ಈಗ ನನ್ನ ಪ್ರಾಣ ಯಾಕೆ ತಿಂತೀಯ?"

"ಅದು ಕಳ್ಳತನದ್ದು ಕಣೇ. ನಿದ್ದೆಲಿದ್ದೋರನ್ನ ಕದ್ದು ಒಳಗೆ ಸೇರಿಸಿದ್ರೆ ಅಲ್ಲಿ ಗೊತ್ತಾಗಲ್ವಾ? ನೀನಾದ್ರೆ ಅಭ್ಯಾಸ ಇರೋಳು." ತಾಯಿಯ ಕಣ್ಣು ತುಂಬಿತು. "ಅಲ್ಲಿ ಹೋಗಿ ನಾನೊಬ್ಬಳೇ ಏನು ಮಾಡ್ಲಿ, ಹೇಳು."

ಇಷ್ಟು ವರ್ಷ ಈ ಮನೆಯಲ್ಲಿ ಯಾರೂ ಅಪ್ಪನನ್ನು ನೇರವಾಗಿ ಕೇಳಿರಲಿಲ್ಲ ಎನ್ನುವುದು ಆಗ ಮಗಳಿಗೆ ಹೊಳೆಯಿತು. ಬೇಡ ಎಂದುಬಿಟ್ಟರೆ ಆಸೆಗೂ ಕಲ್ಲು ಬೀಳುತ್ತದೆಂದು ಅಮ್ಮ ಹೆದರಿದ್ದರು. ಅಮ್ಮ ಕೇಳಲಿಲ್ಲವೆಂದು ಅವಳೂ ಕೇಳಿರಲಿಲ್ಲ. ಅವಳು ಎದ್ದು ಕೋಣೆಗೆ ಹೋದಳು.

ತಂದೆ ದಿಂಬಿಗೊರಗಿ ಕಣ್ಣು ಬಿಟ್ಟುಕೊಂಡೇ ಇದ್ದರು. ಉಸಿರು ಮೇಲೆ ಕೆಳಗೆ ಆಗುತ್ತಿದ್ದರೂ ಬುದ್ಧಿ ಚುರುಕಾಗಿತ್ತು.

"ಅಪ್ಪ, ಒಂದು ಮಾತು ಕೇಳ್ತೀನಿ. ಜ್ಞಾನಸ್ನಾನ ತಗೋತೀಯಾ? ಬೇಡ ಅಂದ್ರೆ ಬೇಡ. ಇನ್ನು ಯಾರೂ ನಿನ್ನ ತಂಟೆಗೆ ಬರದ ಹಾಗೆ ನಾನು ನೋಡ್ಕೋತೀನಿ."

"ನಿಮ್ಮಮ್ಮ ಕಳಿಸಿದ್ಲಾ?"

"ಇಲ್ಲ, ನಾನೇ ಬಂದೆ."

ಅವರು ಉಸಿರು ಸುಧಾರಿಸಿಕೊಂಡರು. "ಅದು ಆಗಿಹೋಗಿದೆ. ನಿಮ್ಮಮ್ಮ ಹಾಕಿದಾಳೆ. ಅರ್ಧ ನೀರು ಕಿವಿಯೊಳಗೇ ಇಳೀತು. ಇಷ್ಟು ವರ್ಷ ನನ್ನ ಜೊತೆ ಇದ್ದು ಒಂದು ತೊಟ್ಟು ನೀರು ಹಾಕೋಕೆ ಬರಲ್ಲ ಅವಳಿಗೆ."

"ಎಚ್ಚರ ಇದ್ದ್ಯಾ ನೀನು?"

"ಹಣೆ ಮೇಲೆ ನೀರು ಬಿದ್ರೆ ಹೆಣಕ್ಕೂ ಎಚ್ಚರ ಆಗುತ್ತೆ."

"ಅಂದ್ರೆ, ನಿಂಗೆ ನಂಬಿಕೆ ಇತ್ತಾ?"

"ಅದೆಲ್ಲ ನಂಗೆ ಗೊತ್ತಿಲ್ಲಮ್ಮ. ಅವಳ ಕೈ ನಡುಗ್ತಿತ್ತು. ಒರೆಸ್ಕೊಳ್ಳೋಕೆ ಮನಸ್ಸು ಬರಲಿಲ್ಲ, ಹಾಗೇ ಬಿದ್ಕೊಂಡೆ."

ಬೇಕು ಅನ್ನುವುದು ಬೇರೆ, ಬೇಡ ಅನ್ನದಿರುವುದು ಬೇರೆ ಎಂದು ಯಾವ ಪಾದ್ರಿಯಾದರೂ ಹೇಳಿಯಾರು. ಮಗಳಿಗೆ ಹಳೆಯ ಪಾದ್ರಿ, ಹೊಸ ಪಾದ್ರಿ ಇಬ್ಬರಲ್ಲಿ ಯಾರನ್ನೂ ಕೇಳಬೇಕೆನಿಸಲಿಲ್ಲ. ತಿರುಗಿದರೆ ಬಾಗಿಲಲ್ಲಿ ತಾಯಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಮುಖ ಕೆಂಪಗಾಗಿತ್ತು. ನೇರವಾಗಿ ಮಂಚದ ಹತ್ತಿರ ಬಂದರು.

"ಎಚ್ಚರ ಇದ್ದೋರು ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ವರ್ಷದಿಂದ ನಾನು ಸಾಯ್ತಾ ಇದೀನಲ್ಲ ಇಲ್ಲಿ."

"ಹೇಳಿದ್ರೆ ನೀನು ಅರ್ಧಕ್ಕೇ ನಿಲ್ಲಿಸ್ತಿದ್ದೆ."

ಮಗಳು ಆಕ್ಸಿಜನ್ ನಳಿಗೆಯನ್ನು ಸುಮ್ಮನೆ ಒಮ್ಮೆ ಸರಿಪಡಿಸಿ, ಬಾಗಿಲ ಕಡೆ ಹೊರಟಳು. ಅಷ್ಟರಲ್ಲಿ ತಂದೆ ಮೊಣಕೈ ಊರಿ, ಏದುಸಿರು ಬಿಡುತ್ತ, ಗೋಡೆಯ ಕಡೆಗೆ ಒಂದಿಷ್ಟು ಸರಿದು ಮಂಚದಲ್ಲಿ ಜಾಗ ಮಾಡಿದರು.