ನಿನ್ನೆಯ ಪುಟ

"ಚರ್ಚು ದಾಟಿದ್ಮೇಲೆ ಎಡಕ್ಕೆ," ಎಂದ ಔರೇಲಿಯೊ.

ಚರ್ಚು ದಾಟಿತು. ಎಡಕ್ಕೆ ರಸ್ತೆಯೇ ಇರಲಿಲ್ಲ. ಹೊಸದಾಗಿ ಕಟ್ಟಿದ ಒಂದು ವೃತ್ತ, ಅದರ ನಡುವೆ ನೇರಳೆ ಹೂವಿನ ಗಿಡಗಳು. ನೆರೀನಾ ಅದನ್ನು ಎರಡು ಸಲ ಸುತ್ತಿದಳು. ಬ್ರಸೆಲ್ಸ್‌ನಲ್ಲಿ ರ‍್ಯಾಲಿ ಹೊರಟು, ಹಳೆಯ ಕಾರುಗಳು ತ್ರಿಯೆಸ್ತೆಯತ್ತ ಓಡುತ್ತಿದ್ದ ಐದನೆಯ ಬೆಳಗು ಅದು. ಮಂಜು, ಎಂಜಿನ್ನಿನ ಒಂದೇ ಸಮನೆಯ ಗುಂಯ್ ಸದ್ದು, ನಿದ್ದೆಗೆಟ್ಟ ಕಣ್ಣು, ಎಲ್ಲ ಸೇರಿ ಕಾರು ನಿಂತಲ್ಲೇ ನಿಂತಿದೆ, ಸ್ಲೊವೇನಿಯಾದ ಬೆಟ್ಟಗಳೇ ಮೆಲ್ಲಗೆ ಹಿಂದಕ್ಕೆ ತೇಲುತ್ತಿವೆ ಎನಿಸುತ್ತಿತ್ತು.

ಅವಳು ಪಕ್ಕಕ್ಕೆ ಕಣ್ಣು ಹಾಯಿಸಿದಳು. ಅಣ್ಣನ ತೊಡೆಯ ಮೇಲೆ ದಾರಿಪುಸ್ತಕ ತೆರೆದಿತ್ತು. ಬೆರಳು ಸಾಲಿನಿಂದ ಸಾಲಿಗೆ ಸರಿಯುತ್ತಿತ್ತು. ಆದರೆ ಅದು ನಿನ್ನೆಯ ಪುಟ, ಆಸ್ಟ್ರಿಯಾದ್ದು.

ಅವಳು ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದಳು.

"ಯಾಕೆ ನಿಲ್ಸಿದೆ? ಹನ್ನೊಂದ್ರೊಳ್ಗೆ ತ್ರಿಯೆಸ್ತೆ ಮುಟ್ಬೇಕು ಕಣೇ!"

"ಅಣ್ಣಾ, ಎಷ್ಟು ದಿನದಿಂದ ಕಾಣ್ತಿಲ್ಲ ನಿಂಗೆ?"

ಔರೇಲಿಯೊ ಪುಸ್ತಕ ಮುಚ್ಚಿದ. "ಚಳಿಗಾಲದಿಂದ. ನಡುಮಧ್ಯ ಒಂದು ಬೂದು ಮಚ್ಚೆ. ಅಂಚಲ್ಲಿ ಅಷ್ಟಿಷ್ಟು ಕಾಣತ್ತೆ."

"ಮತ್ತೆ ಇಷ್ಟು ದೂರ ದಾರಿ ಹೇಳಿದ್ದು?"

"ನೆನಪಿಂದ. ತಪ್ಪಿದಾಗೆಲ್ಲ ಬೋರ್ಡು ಹಾಕಿದವ್ರನ್ನ ಬೈದ್ನಲ್ಲ."

ಮೂವತ್ತೊಂಬತ್ತು ವರ್ಷದ ಹಿಂದೆ ಇದೇ ರ‍್ಯಾಲಿಯಲ್ಲಿ ಇದೇ ಹಸಿರು ಕಾರನ್ನು ಅವನೇ ಓಡಿಸಿದ್ದ. ತ್ರಿಯೆಸ್ತೆಯ ಮೇಲಿನ ಗುಡ್ಡದಲ್ಲಿ, ಸಮುದ್ರ ಕಣ್ಣಿಗೆ ಬಿದ್ದ ಜಾಗದಲ್ಲೇ, ಕ್ಲಚ್ಚು ಕೈಕೊಟ್ಟು ಅವನ ಓಟ ಅಲ್ಲಿಗೇ ಮುಗಿದಿತ್ತು. ಆಮೇಲೆ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಈ ಸಲ ಅವನು ಸ್ಟಿಯರಿಂಗನ್ನು ತನಗೆ ಯಾಕೆ ಬಿಟ್ಟ ಎಂಬುದು ನೆರೀನಾಗೆ ಈಗ ಹೊಳೆಯಿತು.

"ಮೊದ್ಲೇ ಹೇಳೋದಲ್ವಾ?"

"ಹೇಳಿದ್ರೆ ಬರ್ತಿದ್ಯಾ?"

"ಖಂಡಿತ ಇಲ್ಲ."

"ಅದಕ್ಕೇ."

ಅವಳಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಗು. ಪುಸ್ತಕ ಕಿತ್ತುಕೊಂಡು ಸ್ಟಿಯರಿಂಗಿಗೆ ಆನಿಸಿಟ್ಟಳು. ಮೂರನೆಯ ಗೇರು ಮತ್ತೆ ಮತ್ತೆ ಕಳಚುತ್ತಿತ್ತು. "ಇದನ್ನ ಹಿಡ್ಕೋ, ಬಿಡ್ಬೇಡ," ಎಂದು ಅವನ ಕೈಯನ್ನು ಗೇರಿನ ಮೇಲೆ ಒತ್ತಿದಳು. ಕಾರು ಹೊರಟಿತು.

ಗಡಿ ದಾಟಿ ಗುಡ್ಡದ ಅಂಚಿಗೆ ಬಂದಾಗ ಮಂಜು ಪರದೆಯಂತೆ ಸರಿಯಿತು.

"ಈಗ ಏನು ಕಾಣತ್ತೆ?" ಎಂದ ಅವನು.

"ಸಮುದ್ರ. ಬೆಳ್ಳಗಿದೆ, ಹಾಲಿನ ಹಾಗೆ. ಎರಡು ಹಡಗು. ನಿಂತಿವೆಯೋ ಹೋಗ್ತಿವೆಯೋ ಗೊತ್ತಾಗ್ತಿಲ್ಲ."

"ಇಲ್ಲಿಂದ ಮುಂದೆ ನಂಗೊತ್ತಿಲ್ಲ ನೆರೀನಾ. ಹೇಳ್ತಾ ಹೋಗು."

ಅವಳು ಹೇಳುತ್ತ ಇಳಿದಳು: ಕೆಂಪು ಹೆಂಚುಗಳು, ಹಗ್ಗದ ಮೇಲಿನ ಬಿಳಿ ಹಾಸಿಗೆವಸ್ತ್ರಗಳು, ಬಾಲ್ಕನಿಯಲ್ಲಿ ಕಾಫಿ ಹಿಡಿದು ಕೈಬೀಸಿದ ಮುದುಕಿ. ಅವನು ಕಣ್ಣು ಮುಚ್ಚಿಕೊಂಡು, ಗೇರು ಬಿಗಿ ಹಿಡಿದು, ಪ್ರತಿ ಮಾತಿಗೂ ಹೂಂಗುಟ್ಟಿದ.

ಹತ್ತು ಐವತ್ತಾರಕ್ಕೆ ದಡದ ಚೌಕ ಮುಟ್ಟಿದರು. ಮೇಜಿನ ಹಿಂದೆ ಕೂತ ಹೆಂಗಸು ಗಡಿಯಾರ ನೋಡಿ ಮುದ್ರೆ ಒತ್ತಿದಳು. "ದಾರಿ ಹೇಳಿದವರು ಇಲ್ಲಿ ಸಹಿ ಹಾಕಿ."

ನೆರೀನಾ ಅಣ್ಣನ ತೋರುಬೆರಳನ್ನು ಹಿಡಿದು ಗೆರೆಯ ಮೇಲಿಟ್ಟಳು. ಅವನು ನಿಧಾನವಾಗಿ ತನ್ನ ಹೆಸರು ಬರೆದ. ಕೊನೆಯ ಅಕ್ಷರಗಳು ಕಾಗದ ದಾಟಿ ಮೇಜಿನ ಬಿಳಿ ಬಟ್ಟೆಯ ಮೇಲೂ ಹರಿದವು. ಹೆಂಗಸು ಬಟ್ಟೆಯನ್ನು ನೋಡಿದಳು, ಕಾಗದವನ್ನು ತೆಗೆದಿಟ್ಟುಕೊಂಡಳು. ಗಾಳಿ ಬೀಸಿ ಬಟ್ಟೆಯ ಆ ಅಂಚನ್ನು ಮೇಲೆತ್ತಿ, ಮತ್ತೆ ಮೆಲ್ಲಗೆ ಕೆಳಗಿಳಿಸಿತು.