ಸಾಕಮ್ಮನ ಸೋಗು

ಲ್ಯಾಬಿನಲ್ಲಿ ಅದಕ್ಕೆ ಸಾಕಮ್ಮ ಎಂದು ಹೆಸರಿಟ್ಟವಳು ಅಕ್ಕನೇ. ಸಾಕಮ್ಮ ಹೆಂಗಸಲ್ಲ, ರಕ್ತದಲ್ಲಿ ಓಡಾಡುವ ಒಂದು ಪ್ರೋಟೀನು. ರೋಗಾಣು ಒಳಹೊಕ್ಕರೆ ಬಿಳಿ ರಕ್ತಕಣಗಳು ಹುಯಿಲೆಬ್ಬಿಸಿ, ಜ್ವರ ಬರಿಸಿ, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುತ್ತವೆ. ಹಾಗೇ ಬಿಟ್ಟರೆ ಮನೆಯೇ ಮುರಿದುಬಿದ್ದೀತು ಎಂದು ದೇಹ ಕೊನೆಗೆ ಈ ಪ್ರೋಟೀನನ್ನು ಕಳಿಸಿ "ಸಾಕು, ಸಾಕು" ಎನ್ನಿಸುತ್ತದೆ. ಅದರ ಶಾಸ್ತ್ರೀಯ ಹೆಸರು ಅಕ್ಷರ, ಅಂಕಿಗಳ ಕಲಸುಮೇಲೋಗರ. ಸಾಕಮ್ಮ ಎಂದರೆ ಎಲ್ಲರ ಬಾಯಿಗೂ ಹಗುರ.

ಲ್ಯಾಬಿನವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರೂ ಹಾಗೆ ಕರೆಯುವ ಹಕ್ಕಿದ್ದವನು ಒಬ್ಬನೇ, ತಮ್ಮ ಗುಂಡ. ಚಿಕ್ಕಂದಿನಲ್ಲಿ ಗುಂಡುಗುಂಡಾಗಿದ್ದ. ಎರಡೂ ಕಿಡ್ನಿ ಕೈಕೊಟ್ಟು ಕಡ್ಡಿಯಾದ ಮೇಲೂ ಹೆಸರು ಮಾತ್ರ ಅವನನ್ನು ಬಿಡಲಿಲ್ಲ. ಕಳೆದ ವರ್ಷ ಅಕ್ಕ ತನ್ನದೊಂದು ಕಿಡ್ನಿ ಕೊಟ್ಟಳು. ಬೇರೆಯವರ ಅಂಗವನ್ನು ದೇಹ ಸುಮ್ಮನೆ ಇಟ್ಟುಕೊಳ್ಳುವುದಿಲ್ಲ, ಹೊರಗಿನವನೆಂದು ಅದನ್ನೂ ಬಡಿಯುತ್ತದೆ. ಹಾಗಾಗದಿರಲೆಂದು ಗುಂಡ ದೇಹದ ಕಾವಲು ತಗ್ಗಿಸುವ ಔಷಧ ತೆಗೆದುಕೊಳ್ಳುತ್ತಿದ್ದ.

ಕಸಿ ಮಾಡಿಸಿಕೊಂಡವರಲ್ಲಿ ಸಾಕಮ್ಮ ಎಷ್ಟಿದ್ದಾಳೆಂದು ಅಳೆಯುವುದೇ ಅಕ್ಕನ ಸಂಶೋಧನೆ. ಗುಂಡನ ರಕ್ತದಲ್ಲಿ ಅವಳು ಏರುತ್ತಲೇ ಇದ್ದಳು. ಅಕ್ಕನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ನಿನ್ನ ಮೈ ನನ್ನ ಕಿಡ್ನೀನ ಒಪ್ಕೊಂಡಿದೆ ಕಣೋ!"

"ಒಪ್ಪದೆ ಏನ್ ಮಾಡುತ್ತೆ? ಚಿಕ್ಕಂದಿನಿಂದ ನಿನ್ನ ಬೈಗುಳ ತಿಂದು ತಿಂದು ಅದಕ್ಕೂ ಅಭ್ಯಾಸ ಆಗಿದೆ," ಎಂದ ಗುಂಡ.

ಹಾಗಾಗಿ ಅವನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಾಗ, ತೂಕ ಇಳಿಯತೊಡಗಿದಾಗ ಅವಳು ಅಷ್ಟೇನೂ ಗಾಬರಿಯಾಗಲಿಲ್ಲ. ಕಿಡ್ನಿ ಡಾಕ್ಟರು ಗಂಟನ್ನು ಚುಚ್ಚಿ ನೋಡೋಣ ಎಂದರು. "ಮೈ ಇಷ್ಟು ಶಾಂತವಾಗಿದೆ ಡಾಕ್ಟ್ರೇ, ಸ್ವಲ್ಪ ಕಾಯೋಣ," ಎಂದಳು. ಓದಿದವಳ ಮಾತು, ಮೇಲಾಗಿ ಕಿಡ್ನಿ ಕೊಟ್ಟವಳ ಮಾತು. ಅವರೂ ತಲೆಯಾಡಿಸಿದರು.

ಒಂದು ಸೋಮವಾರ ಹಳೆಯ ಆಂಟಿಬಾಡಿ ಮುಗಿದುಹೋಗಿತ್ತು. ರಕ್ತದಿಂದ ಸಾಕಮ್ಮನನ್ನು ಹಿಡಿದೆಳೆಯುವ ಕೊಕ್ಕೆ ಅದು. ಬೇರೆ ಕಂಪನಿಯ ಹೊಸ ಸೀಸೆ ತೆರೆದು, ತಟ್ಟೆಯ ಪುಟ್ಟ ಗುಳಿಗಳಿಗೆಲ್ಲ ಹಾಕಿ ಕಾದಳು. ಸಾಕಮ್ಮ ಇದ್ದ ಕಡೆ ಗುಳಿ ಹಳದಿಯಾಗಬೇಕು. ಬೇರೆ ರೋಗಿಗಳ ಗುಳಿಗಳು ಕೆಲವು ತಿಳಿ, ಕೆಲವು ಗಾಢ ಹಳದಿಗೆ ತಿರುಗಿದವು. ಗುಂಡನ ಗುಳಿಗಳು ಮಾತ್ರ ನೀರಿನಂತೆ ತಿಳಿಯಾಗಿಯೇ ಉಳಿದವು.

ತನ್ನ ಕೈತಪ್ಪೇ ಇರಬೇಕೆಂದು ಮತ್ತೊಮ್ಮೆ ಮಾಡಿದಳು. ಮತ್ತೆ ನೀರು. ಪಕ್ಕದ ಲ್ಯಾಬಿಗೆ ಓಡಿ ಹಳೆಯ ಆಂಟಿಬಾಡಿ ಬೇಡಿ ತಂದು, ಅದೇ ರಕ್ತಕ್ಕೆ ಎರಡನ್ನೂ ಅಕ್ಕಪಕ್ಕ ಹಾಕಿದಳು. ಹಳೆಯದರಲ್ಲಿ ಕಡು ಹಳದಿ. ಹೊಸದರಲ್ಲಿ ಏನೂ ಇಲ್ಲ.

ಅಕ್ಕನಿಗೆ ತನ್ನದೇ ಪಾಠ ನೆನಪಾಯಿತು.

ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಈ ಕಥೆ ಹೇಳಿ ನಗಿಸುತ್ತಿದ್ದವಳು ಅವಳೇ. ಒಂದು ವೈರಸ್ ಇದೆ, ಹೆಚ್ಚುಕಡಿಮೆ ಎಲ್ಲ ದೊಡ್ಡವರ ಮೈಯಲ್ಲೂ ಸದ್ದಿಲ್ಲದೆ ಮಲಗಿರುತ್ತದೆ. ಯಾವುದೋ ಕಾಲದಲ್ಲಿ ಅದು ನಮ್ಮಿಂದಲೇ ಸಾಕಮ್ಮನನ್ನು ಮಾಡುವ ವಿಧಾನ ಕದ್ದು, ಅಲ್ಲಲ್ಲಿ ತಿದ್ದಿ, ತಾನೇ ಒಬ್ಬಳನ್ನು ತಯಾರಿಸಿಕೊಂಡಿದೆ. ತಾನು ಹೆಚ್ಚುವಾಗ ಅವಳನ್ನು ಛೂ ಬಿಡುತ್ತದೆ. ಅವಳು "ಸಾಕು" ಎಂದರೆ ದೇಹ ತನ್ನವಳೇ ಅಂದಳೆಂದು ನಂಬಿ ಆಯುಧ ಕೆಳಗಿಡುತ್ತದೆ. "ಎಂಥ ಐನಾತಿ ನೋಡಿ!" ಎಂದು ಅಕ್ಕ ಪಾಠ ಮುಗಿಸುತ್ತಿದ್ದಳು, ವಿದ್ಯಾರ್ಥಿಗಳು ಗೊಳ್ಳೆಂದು ನಗುತ್ತಿದ್ದರು.

ಹಳೆಯ ಕೊಕ್ಕೆಗೆ ಅಸಲಿ ನಕಲಿ ಎರಡೂ ಸಿಗುತ್ತಿದ್ದವು. ಹೊಸದಕ್ಕೆ ಸಿಗುವುದು ಅಸಲಿ ಮಾತ್ರ. ಗುಂಡನ ಮೈಯಲ್ಲಿ ಅಸಲಿ ಸಾಕಮ್ಮ ಇರಲೇ ಇಲ್ಲ. ಇಷ್ಟು ತಿಂಗಳು ಅಕ್ಕ ಕುಣಿದಾಡಿದ್ದು ವೈರಸ್ಸಿನ ಮಾತು ಕೇಳಿ! ಕಿವಿ ಮೇಲೆ ಹೂವಿಡಲು ಅದಕ್ಕೆ ಸಿಕ್ಕಿದ್ದು ಇಡೀ ಊರಿನಲ್ಲಿ ಇದನ್ನೇ ಓದಿದ ಹೆಂಗಸು.

ಮರುದಿನವೇ ಗಂಟನ್ನು ಚುಚ್ಚಿ ಪರೀಕ್ಷೆಗೆ ಕಳಿಸಿದರು. ವರದಿ ಬಂದ ಮಧ್ಯಾಹ್ನ ಕಿಡ್ನಿ ಡಾಕ್ಟರು ಅಕ್ಕನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡು ಕೂತರು.

"ಅದೇ ವೈರಸ್. ಬಿಳಿ ರಕ್ತಕಣಗಳೊಳಗೆ ಹೊಕ್ಕು ಅವನ್ನ ಹುಚ್ಚುಹುಚ್ಚಾಗಿ ಬೆಳೆಸ್ತಿದೆ. ಹೀಗೇ ಬಿಟ್ರೆ ಪೂರ್ತಿ ಕ್ಯಾನ್ಸರ್ ಆಗುತ್ತೆ. ಅವನು ಉಳಿಯಲ್ಲ."

"ಅವನಿಗೆ ಎಲ್ಲಿಂದ ಬಂತು?" ಎಂದಳು ಅಕ್ಕ. ಕೇಳುತ್ತಿದ್ದಂತೆಯೇ ಅವಳಿಗೆ ಉತ್ತರ ಹೊಳೆಯಿತು.

ಡಾಕ್ಟರು ಮೇಜನ್ನೇ ನೋಡುತ್ತಾ ಹೇಳಿದರು. "ಆಪರೇಷನ್‌ಗೆ ಮುಂಚೆ ಅವನ ರಕ್ತದಲ್ಲಿ ಇರಲಿಲ್ಲಮ್ಮ. ನಿಮ್ಮದರಲ್ಲಿತ್ತು. ಕಿಡ್ನಿ ಜೊತೆ ಬಂದಿದೆ. ಇದು ಆಗಬಹುದು ಅಂತ ಆವಾಗಲೇ ಹೇಳಿದ್ವಿ, ಅಪರೂಪ ಅಂತಲೂ ಹೇಳಿದ್ವಿ."

ಹೇಳಿದ್ದರು. ಅವಳಿಗೆ ಗೊತ್ತಿತ್ತು. ತಮ್ಮನಿಗೆ ಜೀವ ಕೊಟ್ಟೆ ಎಂದು ಬೀಗುತ್ತಿದ್ದ ಕೈಯಲ್ಲೇ ಇದನ್ನೂ ಕೊಟ್ಟಿದ್ದಳು.

"ಔಷಧ ಇಳಿಸೋಣ," ಎಂದರು ಡಾಕ್ಟರು. "ದೇಹ ಎಚ್ಚರ ಆಗಲಿ, ವೈರಸ್ಸನ್ನ ತಾನೇ ಹೊಡೀಲಿ. ಆದ್ರೆ ಎದ್ದ ದೇಹ ಕಿಡ್ನೀನೂ ಹೊಡೀಬಹುದು. ಮುಂದೆ ಬೇರೆ ಚಿಕಿತ್ಸೆ ಇದೆ, ಮೊದಲು ಮಾತ್ರ ಇದೇ. ಅವನು ಒಪ್ಪಬೇಕು."

ಗುಂಡ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ ಒರಗಿ ಕೂತಿದ್ದ. ಅಕ್ಕ ಏನನ್ನೂ ಮುಚ್ಚಿಡಲಿಲ್ಲ. ನಕಲಿ ಸಾಕಮ್ಮ, ಗಂಟು, ಎಲ್ಲಿಂದ ಬಂತು, ಕಾಯೋಣ ಎಂದದ್ದು ಯಾರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಅವನು ಬೈಯುತ್ತಾನೆಂದು ಕಾದಳು. ಅವನು ಕಣ್ಣರಳಿಸಿ ಅವಳನ್ನೇ ನೋಡಿದ.

"ಅಂದ್ರೆ ನನ್ನ ಮೈ ನಿನ್ನನ್ನ ಒಪ್ಕೊಂಡೇ ಇರಲಿಲ್ವಾ?"

ಅಕ್ಕ ಮಂಚದ ಅಂಚಿನಲ್ಲಿ ಕೂತಳು. "ಗೊತ್ತಿಲ್ಲ ಕಣೋ."

"ಬೇಡ ಬಿಡು. ಔಷಧ ಇಳಿಸಿದ್ರೆ ಅದು ನಿನ್ನ ಮೇಲೇ ಬೀಳುತ್ತೆ. ನನ್ನ ಮೈಯಿಂದ ನಿನ್ನನ್ನ ಹೊಡೆಸಲ್ಲ ನಾನು. ಹೊಟ್ಟೆ ಕೊಯ್ಸಿಕೊಂಡು ಕೊಟ್ಟಿದ್ದೀಯ."

"ನನ್ನನ್ನ ಅಂತ ಯಾಕಂತೀಯೋ? ಅದು ಒಂದು ಕಿಡ್ನಿ." ಅವಳ ದನಿ ಏರಿತು. ಆಚೆ ಮಂಚದವರು ತಿರುಗಿ ನೋಡಿದರು. "ಹೊಡೆದ್ರೆ ಹೊಡೀಲಿ, ಹೋದ್ರೆ ಹೋಗಲಿ. ಮತ್ತೆ ಡಯಾಲಿಸಿಸ್ ಮೆಷಿನ್‌ಗೆ ಹೋಗ್ತೀಯ, ವಾರವಾರ ಸೂಜಿ ಚುಚ್ಚಿಸ್ಕೊಂಡು ನನ್ನನ್ನ ಬೈತೀಯ. ಬೈಯೋಕೆ ನೀನು ಇರಬೇಕು. ನಾನು ಅದರಲ್ಲಿಲ್ಲ ಗುಂಡ, ಇಲ್ಲಿ ಕೂತಿದ್ದೀನಿ, ನೋಡು."

ಗುಂಡ ಬಲಗೈಯನ್ನು ಕಿಬ್ಬೊಟ್ಟೆಯ ಮೇಲೆ, ಕಿಡ್ನಿ ಕೂರಿಸಿದ ಜಾಗದ ಮೇಲೆ ಇಟ್ಟುಕೊಂಡ. ಆಮೇಲೆ ಕೈ ತೆಗೆದ.

"ಡಾಕ್ಟರನ್ನ ಕರಿ," ಎಂದ.