ಫೋಟೋದ ಹಿಂಬದಿ

ಆ ಬೆಳಿಗ್ಗೆ ಕವಿದ ಮಂಜು ಹತ್ತು ಗಂಟೆಯಾದರೂ ಕರಗಿರಲಿಲ್ಲ. ಬೀದಿದೀಪಗಳು ಆರುವುದನ್ನೇ ಮರೆತು ಮಂಕಾಗಿ ಉರಿಯುತ್ತಿದ್ದವು. ಮೂರನೆಯ ಮಹಡಿಯಿಂದ ಇಳಿಯುತ್ತಿದ್ದ ಶವಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು.

“ಸ್ವಲ್ಪ ಓರೆ ಮಾಡಿ,” ಎಂದರು ಮುಂದೆ ಹೆಗಲು ಕೊಟ್ಟಿದ್ದ ನಿರ್ದೇಶಕರು.

“ಓರೆ ಮಾಡೋಕೆ ಇದೇನು ಬೀರುವಾನಾ ಸಾರ್? ಒಳಗಿರೋದು ನಮ್ಮ ಭಾವ,” ಹಿಂದಿನಿಂದ ಸತ್ತವರ ಹೆಂಡತಿಯ ತಮ್ಮ ಗದರಿದ.

“ಗೋಡೆ ಸುಣ್ಣ ಜೋಪಾನ. ಕಿತ್ತು ಬಂದ್ರೆ ಎದ್ದು ಕೂತು ಅದಕ್ಕೂ ಒಂದು ರಸೀದಿ ಬರೆದಾರು,” ಎಂದರು ವಕೀಲರು.

ಯಾರೂ ನಗಲಿಲ್ಲ. ನಗು ಮಾತ್ರ ಎಲ್ಲರ ಗಂಟಲಲ್ಲೂ ಬಂದು ನಿಂತಿತ್ತು.

ದೇಶಕ್ಕೆಲ್ಲ ಒಂದೇ ಆಗಿದ್ದ ಆ ಮಾನವ ಹಕ್ಕುಗಳ ಸಂಸ್ಥೆಯನ್ನು ನಡೆಸುತ್ತಿದ್ದವರು ನಾಲ್ವರು. ಅಧ್ಯಕ್ಷೆ, ನಿರ್ದೇಶಕರು, ವಕೀಲರು, ಮತ್ತು ಈಗ ಪೆಟ್ಟಿಗೆಯೊಳಗೆ ಮಲಗಿದ್ದ ದೂರು ವಿಭಾಗದ ಮುಖ್ಯಸ್ಥ. ಕಚೇರಿಯವರೆಲ್ಲ ಅವರನ್ನು ರಸೀದಿ ಮಾಮ ಎನ್ನುತ್ತಿದ್ದರು. ನೊಂದವರು ಏನನ್ನೇ ತಂದುಕೊಡಲಿ, ಕಾಗದವೋ, ಹರಿದ ಅಂಗಿಯೋ, ಒಂಟಿ ಚಪ್ಪಲಿಯೋ, ಅದಕ್ಕೊಂದು ರಸೀದಿ ಬರೆದುಕೊಟ್ಟ ಹೊರತು ಅವರು ಮುಟ್ಟುತ್ತಿರಲಿಲ್ಲ. ರಸೀದಿಯ ಕೆಳಗೆ ಒಂದು ಸಾಲನ್ನು ಅವರೇ ಅಚ್ಚು ಹಾಕಿಸಿದ್ದರು: ವಸ್ತು ಕೈಸೇರಿದ ಮೇಲೆ ಈ ರಸೀದಿಯನ್ನು ಹಿಂದಿರುಗಿಸುವುದು. ಮನೆಯಲ್ಲಿ ಹೆಂಡತಿಯ ಕನ್ನಡಕ ಎರವಲು ಪಡೆದರೂ ತಮಾಷೆಗೆ ಒಂದು ಚೀಟಿ ಬರೆದಿಡುತ್ತಿದ್ದರು. ದೇವರು ಕೊಟ್ಟ ಉಸಿರಿಗೂ ಎಲ್ಲೋ ಒಂದು ರಸೀದಿ ಇದ್ದೀತೆಂದು ನಂಬಿದ ಜೀವ ಅದು.

ಮೆಟ್ಟಿಲ ಬುಡದಲ್ಲಿ ಬಡಗಿಯ ತಾಯಿ ನಿಂತಿದ್ದಳು. ಕೈಯಲ್ಲಿ ಮಡಿಕೆಗಳೇ ಸವೆದುಹೋದ ಒಂದು ರಸೀದಿ.

“ಅಮ್ಮಾ, ಇವತ್ತು ಬೇಡ,” ಎಂದರು ನಿರ್ದೇಶಕರು, ಹೆಗಲ ಭಾರ ಇಳಿಸದೆ.

“ನಾಳೆ ಹತ್ತು ಗಂಟೆಗೆ ಕೋರ್ಟು ಸಾರ್. ಅದೇ ಕಡೇದು. ಇವತ್ತು ಬೇಡ ಅಂದ್ರೆ ಇನ್ಯಾವತ್ತು ಬರ್ಲಿ?”

ಐದು ವರ್ಷದ ಹಿಂದೆ, ಬಡಗಿಯಾಗಿದ್ದ ಅವಳ ಮಗನನ್ನು ಕೆಲಸದ ಜಾಗದಿಂದ ಪೊಲೀಸರು ಕರೆದೊಯ್ದಿದ್ದರು. ಮತ್ತೆ ಅವನನ್ನು ಕಂಡವರಿಲ್ಲ. ಕಳೆದ ತಿಂಗಳು ಸರ್ಕಾರ ಕೋರ್ಟಿನಲ್ಲಿ ಒಂದು ಕಾಗದ ಹಾಜರುಪಡಿಸಿತ್ತು: ನನ್ನನ್ನು ಬಿಟ್ಟಿದ್ದಾರೆ, ನಾನಾಗಿಯೇ ದೇಶ ಬಿಟ್ಟು ಹೋಗುತ್ತಿದ್ದೇನೆ. ಅವನದೇ ಬರವಣಿಗೆಯಂತೆ. ನಾಳೆ ಕೋರ್ಟು ಅದನ್ನು ಒಪ್ಪಿದರೆ ಹುಡುಕಾಟ ಅಲ್ಲಿಗೆ ಮುಗಿಯಿತು. ಅಲ್ಲವೆಂದು ತೋರಿಸಲು ಮಗನ ಕೈಬರಹ ಬೇಕು. ಉಳಿ ಹಿಡಿದ ಆ ಕೈ ಬರೆದಿಟ್ಟದ್ದು ಒಂದೇ ಕಡೆ. ಅವನ ಫೋಟೋ ಒಂದರ ಹಿಂಬದಿಯಲ್ಲಿ, ಅಮ್ಮನ ಮನೆಯ ಕಿಟಕಿ ಬಾಗಿಲುಗಳ ಅಳತೆ, ಎರಡು ಸಾಲು. ಆ ಫೋಟೋವನ್ನು ಅವಳು ರಸೀದಿ ಮಾಮನ ಕೈಗೆ ಕೊಟ್ಟಿದ್ದಳು.

“ಆ ರಸೀದಿ ಇತ್ತ ಕೊಡಿ. ಬೆಳಿಗ್ಗೆ ಹುಡುಕಿಸ್ತೀವಿ,” ಎಂದರು ನಿರ್ದೇಶಕರು.

“ವಸ್ತು ಬಂದ ಮೇಲೆ ರಸೀದಿ ಸಾರ್. ಹಾಗಂತ ಅಣ್ಣಾನೇ ಅಚ್ಚು ಹಾಕ್ಸಿದ್ದು.”

ಅಧ್ಯಕ್ಷೆ ಅವಳ ಮುಖ ನೋಡಲಿಲ್ಲ. ಕೈಯಲ್ಲಿದ್ದ ಹೂಗುಚ್ಛದ ದಾರವನ್ನು, ಬಿಗಿಯಾಗಿಯೇ ಇದ್ದದ್ದನ್ನು, ಮತ್ತೆ ಬಿಗಿಮಾಡತೊಡಗಿದರು.

*

ಐದು ವರ್ಷದ ಹಿಂದೆ ಆ ಫೋಟೋ ಸಂಸ್ಥೆಗೆ ಬಂದ ವಾರದಲ್ಲೇ ಕಾಣೆಯಾದವರ ಚಿತ್ರಪ್ರದರ್ಶನವಿತ್ತು. ರಸೀದಿ ಮಾಮ ಯಾವುದೋ ಜೈಲು ನೋಡಲು ಹೋಗಿ ನಾಲ್ಕು ದಿನ ಬಿಟ್ಟು ಬಂದರು. ಸಭಾಂಗಣದ ಗೋಡೆಯ ಮೇಲೆ ಬಡಗಿಯ ಮುಖ ತೂಗುತ್ತಿತ್ತು.

“ಇದು ಮೂಲಪ್ರತಿ ಅಲ್ವಾ?”

“ನಕಲು ಜೀವ ಇಲ್ಲದ ಹಾಗೆ ಕಾಣ್ತಿತ್ತು,” ಎಂದರು ಅಧ್ಯಕ್ಷೆ. “ನೂರು ಜನ ಬರ್ತಾರೆ. ಆ ಕಣ್ಣು ನೋಡ್ಲಿ ಅಂತ.”

ರಸೀದಿ ಮಾಮ ಅದನ್ನಿಳಿಸಿ ತಿರುಗಿಸಿದರು. ಹಿಂದೆ ದಪ್ಪ ರಟ್ಟು. ನಿರ್ದೇಶಕರೇ ಮುಂದೆ ನಿಂತು ಅಂಟು ಮೆತ್ತಿಸಿದ್ದರು. ಮರಕ್ಕೆ ಮರ ಕೂಡಿಸುವ ಅಂಟು.

“ಹಿಂದೆ ಬರಹ ಇತ್ತು.”

“ನೀವು ನಕಲು ತೆಗೆದಿಟ್ಟಿರ್ತೀರಲ್ಲ?” ಎಂದರು ಅಧ್ಯಕ್ಷೆ.

ರಸೀದಿ ಮಾಮ ಇಲ್ಲವೆಂದು ತಲೆಯಾಡಿಸಿದರು. ಕಾಗದವಾದರೆ ಎರಡೂ ಬದಿಯ ನಕಲು ತೆಗೆಯುವ ಮನುಷ್ಯ; ಫೋಟೋ ಎಂದ ಮೇಲೆ ಮುಖವೊಂದನ್ನೇ ತೆಗೆದಿದ್ದರು. ಫೋಟೋಗೂ ಬೆನ್ನಿರುತ್ತದೆಂದು ಆಗ ಹೊಳೆದಿರಲಿಲ್ಲ.

“ಅವಳಿಗೆ ಹೇಳಿಬಿಡೋಣ,” ಎಂದರು.

“ಏನಂತ?” ನಿರ್ದೇಶಕರು ಬಾಗಿಲು ಮುಚ್ಚಿದರು. “ಸಾಕ್ಷಿ ಅಳಿಸಿದ್ರಿ ಅಂತ ಸರ್ಕಾರದ ಮೇಲೆ ದಿನಾ ಕೂಗೋರು ನಾವು. ನಾವೇ ಅಂಟು ಹಾಕಿ ಅಳಿಸಿದ್ವಿ ಅಂತಲಾ? ಬಾಗಿಲು ಮುಚ್ಚಿಕೊಂಡು ಹೋಗಬೇಕಾಗುತ್ತೆ.”

ನಾಲ್ವರ ನಡುವೆ ಹಳೆಯ ಕಟ್ಟಳೆಯೊಂದಿತ್ತು. ಒಳಗೆ ಎಷ್ಟು ಬೇಕಾದರೂ ಜಗಳವಾಡಬಹುದು; ಹೊರಗೆ ಹೋದ ಮೇಲೆ ಎಲ್ಲರದೂ ಒಂದೇ ಮಾತು. ಫೋಟೋ ತಿಜೋರಿಯಲ್ಲಿ ಭದ್ರವಾಗಿದೆ ಎಂಬುದು ಅಂದಿನ ಒಂದೇ ಮಾತು. ಹಾಗೆಂದು ಬರೆದ ಟಿಪ್ಪಣಿಗೆ ಮೂವರು ಸಹಿ ಹಾಕಿದರು. ರಸೀದಿ ಮಾಮ ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, ಕೊನೆಗೆ ತಾವೂ ಹಾಕಿದರು.

ಅಲ್ಲಿಂದ ಮುಂದೆ ಬಡಗಿಯ ತಾಯಿ ಬಂದಾಗಲೆಲ್ಲ ಅವರದು ಒಂದೇ ಉತ್ತರ: “ಮುಂದಿನ ವಾರ, ತಂಗೀ.”

*

ಗುಂಡಿಗೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಮಂಜಿಗೆ ಮಣ್ಣು ಒದ್ದೆಯಾಗಿ ಅಂಗೈಗೆ ಅಂಟುತ್ತಿತ್ತು. ಬಡಗಿಯ ತಾಯಿ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಮಲಗಿದವರನ್ನು ಎಬ್ಬಿಸುವಂತೆ ಮೆಲ್ಲಗೆ ಕೇಳಿದಳು.

“ಮುಂದಿನ ವಾರ ಅಂದ್ರಲ್ಲ ಅಣ್ಣಾ. ನಾನು ಈಗ ಯಾರ ಹತ್ರ ಹೋಗ್ಲಿ?”

ಅಧ್ಯಕ್ಷೆಯ ಕೈಯಿಂದ ಹೂಗುಚ್ಛ ಜಾರಿತು.

“ಅವರ ಹತ್ರ ಏನೂ ಇರ್ಲಿಲ್ಲಮ್ಮಾ. ತಪ್ಪು ನಮ್ಮದು. ನಾವು ಅದನ್ನ ರಟ್ಟಿಗೆ ಅಂಟಿಸಿಬಿಟ್ವಿ.”

“ಮೇಡಂ!” ನಿರ್ದೇಶಕರು ಹಲ್ಲು ಕಚ್ಚಿ ಹೇಳಿದರು.

“ಸಾಕು ಸುಮ್ಮನಿರ್ರಿ. ಐದು ವರ್ಷ ಒಂದೇ ಮಾತು ಆಡಿದ್ದಾಯ್ತು.”

ಬಡಗಿಯ ತಾಯಿ ಅಳಲಿಲ್ಲ. “ಆ ರಟ್ಟೆಲ್ಲಿದೆ?” ಎಂದಳು.

“ತಿಜೋರಿಯಲ್ಲಿ ಇಲ್ಲ. ನಿನ್ನೆ ನೋಡಿದೆ,” ಎಂದರು ಅಧ್ಯಕ್ಷೆ.

ಗುಂಡಿಯ ಆಚೆ ಬದಿ ನಿಂತಿದ್ದ ಸತ್ತವರ ಹೆಂಡತಿ ಕೈಯ ಮಣ್ಣು ಕೊಡವಿಕೊಂಡಳು.

“ನಮ್ಮನೇಲಿದೆ. ಬನ್ನಿ.”

*

ಅಡಿಗೆಮನೆಯ ಮೇಜಿನ ಖಾನೆಯಲ್ಲಿ ಹತ್ತಿ, ಒಂದು ಬಟ್ಟಲು, ಮೊಂಡು ಚಾಕು, ಅವಳ ಹಳೆಯ ಕನ್ನಡಕ. ಅದರಡಿಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಫೋಟೋ.

“ದಿನಾ ಸಂಜೆ ಕಚೇರಿಯಿಂದ ಬಂದೋರು ಇಲ್ಲೇ ಕೂರೋರು,” ಎಂದಳು ಹೆಂಡತಿ. “ಬಿಸಿನೀರಲ್ಲಿ ಹತ್ತಿ ಅದ್ದಿ, ಕಾಳಿನಷ್ಟು ರಟ್ಟು ನೆನೆಸೋದು, ಕೆರೆಯೋದು, ಒಣಗಿಸೋದು. ಏನ್ರೀ ಇದು ಅಂದ್ರೆ, ಬಾಕಿ ಕಣೇ, ಅನ್ನೋರು. ಅಷ್ಟೇ. ಆ ಕಾಗದ ಕೋರ್ಟಿಗೆ ಬಂದ ಮೇಲೆ ರಜೆ ಹಾಕಿ ಬೆಳಿಗ್ಗೆಯಿಂದ್ಲೇ ಕೂತುಬಿಟ್ರು. ಊಟ ಬೇಡ, ಮಾತು ಬೇಡ. ಮೊನ್ನೆ ಇಲ್ಲೇ ತಲೆ ಇಟ್ರು. ನಿದ್ದೆ ಬಂತೇನೋ ಅಂದ್ಕೊಂಡೆ ನಾನು.”

ವಕೀಲರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಡಗಿಯ ದಪ್ಪ ಪೆನ್ಸಿಲಿನ ಬರಹ, ನೀರಿಗೆ ಅಳಿದಿರಲಿಲ್ಲ. ಮೊದಲ ಸಾಲು ಪೂರ್ತಿ ಬಿಡುಗಡೆಯಾಗಿತ್ತು: ಕಿಟಕಿ ಮೂರಡಿ ಎರಡಿಂಚು. ಎರಡನೆಯ ಸಾಲಿನಲ್ಲಿ ‘ಬಾಗಿ’ ಎಂಬಲ್ಲಿಗೆ ರಟ್ಟು ನಿಂತಿತ್ತು.

“ಸಾಲುತ್ತಾ?” ಕೇಳಿದಳು ತಾಯಿ.

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. “ಹಾಜರುಪಡಿಸ್ತೀನಮ್ಮಾ. ಆದ್ರೆ ಒಂದು ಸಾಲು ನೋಡಿ ಬರಹ ಹೋಲಿಸೋಕಾಗಲ್ಲ ಅಂತಾರೆ ಸರ್ಕಾರದ ಕಡೆಯವರು. ಹಾಗಂದೇ ಅಂತಾರೆ.”

“ಉಳಿದದ್ದನ್ನ ಈಗ ಕಿತ್ತರೆ?” ಎಂದರು ನಿರ್ದೇಶಕರು.

“ಅಕ್ಷರ ರಟ್ಟಿನ ಜೊತೆ ಬರುತ್ತೆ,” ಎಂದಳು ಹೆಂಡತಿ. “ಒಂದು ಅಕ್ಷರಕ್ಕೆ ಅವರಿಗೆ ತಿಂಗಳುಗಟ್ಟಲೆ ಹಿಡೀತಿತ್ತು.”

ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆ. ನಾಳೆಯ ಹತ್ತಕ್ಕೆ ಇನ್ನು ಹದಿನೆಂಟು.

ಹೆಂಡತಿ ವಕೀಲರ ಕೈಯಿಂದ ಫೋಟೋ ತೆಗೆದುಕೊಂಡು, ಸೆರಗಿನಿಂದ ಒಮ್ಮೆ ಒರೆಸಿ, ಎರಡೂ ಕೈಯಲ್ಲಿ ತಾಯಿಗೆ ಕೊಟ್ಟಳು. ತಾಯಿ ಮಗನ ಮುಖ ನೋಡಲಿಲ್ಲ. ಬೆನ್ನಿನ ಮೇಲೆ ಬೆರಳಿಟ್ಟು, ಕಿಟಕಿಯ ಅಳತೆಯನ್ನು ದಾಟಿ, ಅರ್ಧಕ್ಕೆ ನಿಂತ ಬಾಗಿಲಿನ ತನಕ ಹೋಗಿ, ಅಲ್ಲೇ ತಡೆದಳು. ಆಮೇಲೆ ಸವೆದ ರಸೀದಿಯನ್ನು ಬಿಡಿಸಿ, ಮಡಿಕೆಗಳನ್ನು ಮೇಜಿನ ಮೇಲೆ ಅಂಗೈಯಿಂದ ತೀಡಿ ನೇರಮಾಡಿದಳು.

“ಅತ್ತಿಗೆ, ತಗೊಳಿ,” ಎಂದು ಅದನ್ನು ಹೆಂಡತಿಯ ಕೈಗಿಟ್ಟು, ಹತ್ತಿಯನ್ನೂ ಬಟ್ಟಲನ್ನೂ ತನ್ನತ್ತ ಎಳೆದುಕೊಂಡಳು.